ಕೆಂಪು ಪೆಟ್ಟಿಗೆ ಕಲಿಸಿದ ಪಾಠ

ಕೀಲಿ ಕೊಟ್ಟು ನುಡಿಸುವ, ಕೈಯಲ್ಲಿ ಹಿಡಿದು ಒಯ್ಯಬಹುದಾದ ಏಳು ಗ್ರಾಮಫೋನ್ ಪೆಟ್ಟಿಗೆಗಳು ಈಗ ನನ್ನಲ್ಲಿವೆ. ಅವುಗಳಲ್ಲಿ ಮೊದಲು ಕೊಂಡದ್ದು ನಕಲಿ. ಬೆಂಗಳೂರಿನ ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ಎಚ್‌ಎಂವಿ ಕಂಪನಿಯ 102 ಮಾದರಿ ಎಂದು ಹೇಳಿ ಮಾರಿದ ಆ ಕೆಂಪು ಪೆಟ್ಟಿಗೆಯ ಮುಚ್ಚಳದೊಳಗಿನ, ಕಂಪನಿಯ ಗುರುತಾದ ನಾಯಿಯ ಚಿತ್ರಕ್ಕೆ ನಾನು ಮರುಳಾಗಿದ್ದೆ. ಮನೆಗೆ ತಂದು ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಾಗ ಮೂಲೆಗಳಲ್ಲಿದ್ದ ಹಳತನವೆಲ್ಲ ಕಂದು ಬೂಟ್ ಪಾಲಿಶ್ ಆಗಿ ಹತ್ತಿಗೆ ಬಂತು. ಉಗುರು ತಾಗಿಸಿದರೆ ನಾಯಿಯ ಚಿತ್ರದ ಅಂಚು ಮೇಲೆದ್ದಿತು.

102 ಮಾದರಿ 1931ರಲ್ಲಿ ಬಂದು ಸುಮಾರು ಮೂರು ದಶಕ ತಯಾರಾಯಿತು. ಕೆಂಪು, ನೀಲಿ, ಹಸಿರು ಬಣ್ಣದವೂ ಇದ್ದವು. ಆದರೆ ಹೆಚ್ಚಿನವು ಕಪ್ಪು. ಬಣ್ಣದ ಪೆಟ್ಟಿಗೆಗೆ ಬೆಲೆ ಹೆಚ್ಚು ಎಂಬ ಕಾರಣಕ್ಕೇ ಕಪ್ಪು ಪೆಟ್ಟಿಗೆಗೆ ಹೊಸ ರೆಕ್ಸಿನ್ ಹೊದಿಸುವವರಿದ್ದಾರೆ. ಇನ್ನು ಕೆಲವರು ಹೊಸ ಪೆಟ್ಟಿಗೆಯನ್ನೇ ಕಟ್ಟಿ, ಮುರಿದ ಯಂತ್ರವೊಂದರ ಸ್ಪ್ರಿಂಗ್ ಮೋಟರನ್ನು ಅದರೊಳಗೆ ಕೂರಿಸುತ್ತಾರೆ. ಆದ್ದರಿಂದ ಮೋಟರು ಹಳೆಯದೆಂಬುದಷ್ಟೇ ಅಸಲಿತನಕ್ಕೆ ಸಾಕ್ಷಿಯಾಗದು.

ಈಗ ನಾನು ಮೊದಲು ಮೋಟರು ಕೂತ ಹಲಗೆಯನ್ನು ಎತ್ತಿ ತೋರಿಸುವಂತೆ ಕೇಳುತ್ತೇನೆ. ಮಾರುವವರು ಒಪ್ಪದಿದ್ದರೆ ಎದ್ದು ಬರುತ್ತೇನೆ. ನನ್ನ ಕೆಂಪು ಪೆಟ್ಟಿಗೆಯ ಹಲಗೆಯನ್ನು ಎತ್ತಿದಾಗ ತಲೆಯ ಮೇಲೆ ಕೂಡಿಸುವ ಗುರುತಿನಂತೆ ಎರಡು ಸೀಳಿರುವ ಸ್ಟಾರ್ ಸ್ಕ್ರೂಗಳು ನಾಲ್ಕು ಕಂಡವು. ಅವುಗಳ ಪಕ್ಕದಲ್ಲೇ ಹಳೆಯ ಯಾವುದಕ್ಕೋ ಕೊರೆದು ಬಿಟ್ಟ ಮೂರು ಖಾಲಿ ತೂತುಗಳಿದ್ದವು. ಅಸಲಿಯಲ್ಲಿ ಇರುವುದು ಒಂದೇ ಸೀಳಿನ ಸ್ಕ್ರೂ. ಅದಕ್ಕಿಂತ ದೊಡ್ಡ ಮೋಸವೆಂದರೆ, ಸೂಜಿ ಹಿಡಿಯುವ ತೋಳು ಹಲಗೆಯ ತೂತಿನಲ್ಲಿ ಮುಗಿದುಹೋಗಿತ್ತು. ಅಸಲಿ 102ರಲ್ಲಿ ತೋಳಿನಿಂದ ಇಳಿದ ಧ್ವನಿ ಹಲಗೆಯ ಕೆಳಗೆ ಅಡಗಿರುವ ಲೋಹದ ಕಹಳೆಯ ಮೂಲಕ ಹರಿದು ಹೊರಬರುತ್ತದೆ. ನನ್ನದರಲ್ಲಿ ಅದು ಖಾಲಿ ಡಬ್ಬಕ್ಕೆ ಬಿದ್ದು, ಬಾವಿಯೊಳಗಿಂದ ಯಾರೋ ಹಾಡಿದಂತೆ ಕೇಳುತ್ತಿತ್ತು.

ಸವಕಳಿಯನ್ನೂ ನೋಡಬೇಕು. ಬಳಸಿದ ಯಂತ್ರದಲ್ಲಿ ಕೈಯಾಡಿದ ಕಡೆ ಮಾತ್ರ ಲೇಪ ಹೋಗಿರುತ್ತದೆ: ಕೀಲಿಯ ಹಿಡಿ, ಚಿಲಕದ ಸುತ್ತ, ತಟ್ಟೆಯ ಪಕ್ಕದಲ್ಲಿ ಸೂಜಿ ಜಾರಿ ಎಳೆದ ಗೀರುಗಳು. ನಕಲಿಯಲ್ಲಿ ಹಳತನ ಎಲ್ಲ ಕಡೆಯೂ ಸಮನಾಗಿ ಬಳಿದಂತಿರುತ್ತದೆ. ಫಳಫಳ ಹೊಳೆಯುವ ಹಿತ್ತಾಳೆ ಕಂಡರಂತೂ ನಾನು ಹತ್ತಿರ ಹೋಗುವುದಿಲ್ಲ. 102ರಲ್ಲಿ ಹೊರಗೆ ಕಾಣುವ ಲೋಹಕ್ಕೆ ಸಾಮಾನ್ಯವಾಗಿ ಬೆಳ್ಳಿಯ ಬಣ್ಣದ ಲೋಹಲೇಪವಿರುತ್ತದೆ.

ಅಸಲಿಯೆಂದು ಖಚಿತವಾದ ಮೇಲೆ ವೇಗವನ್ನು ಅಳೆಯುತ್ತೇನೆ. ಹಾಡಿನ ಪ್ಲೇಟಿನ ಅಂಚಿಗೆ ಕಾಗದದ ಚೂರು ಸಿಕ್ಕಿಸಿ ಎಣಿಸಿದರೆ 20 ಸೆಕೆಂಡಿಗೆ 26 ಸುತ್ತು ಬರಬೇಕು. ಅದೇ ನಿಮಿಷಕ್ಕೆ 78. ನಡುವೆ 'ಧಡ್' ಎಂದು ಸದ್ದಾದರೆ ಸ್ಪ್ರಿಂಗಿನ ಗ್ರೀಸು ಗಟ್ಟಿಯಾಗಿದೆಯೆಂದು ತಿಳಿಯಬೇಕು. ಸ್ಪ್ರಿಂಗು ಸುತ್ತಿಟ್ಟ ಡಬ್ಬಿಯನ್ನು ಮಾತ್ರ ಯಾರೂ ಅನುಭವವಿಲ್ಲದೆ ಬಿಚ್ಚಬಾರದು. ಸ್ಪ್ರಿಂಗು ಚಿಮ್ಮಿದರೆ ಬೆರಳೇ ಹೋದೀತು.

ನನ್ನ ಮೊದಲ ಅಸಲಿ 102 ಸಿಕ್ಕಿದ್ದು ಧಾರವಾಡದ ಮನೆಯೊಂದರಲ್ಲಿ. ಜೊತೆಗಿದ್ದ ಪ್ಲೇಟುಗಳಲ್ಲಿ ಒಂದರ ಮೇಲೆ 'ಗಾಂಧಾರಿ' ಎಂದಿತ್ತು. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಮುದ್ರಿಕೆಗಳು ಬಂದದ್ದು ಆ ಹೆಸರಿನಲ್ಲೇ. ಹಣ ಎಣಿಸಿಕೊಂಡ ಮೇಲೂ ಆ ಮನೆಯ ಅಜ್ಜಿ ನನ್ನನ್ನು ಬಿಡಲಿಲ್ಲ. "ಮುಳ್ಳು ಒಂದ ಸಲಕ್ಕ ಒಂದು, ತಮ್ಮಾ. ಅದನ್ನ ಮತ್ತ ಹಚ್ಚಿದ್ರ ಪ್ಲೇಟು ಕೆಡ್ತದ," ಎಂದು, ಮುಚ್ಚಳದ ಬದಿಯಿಂದ ತುಕ್ಕು ಹಿಡಿದ ಸೂಜಿಡಬ್ಬಿಯೊಂದನ್ನು ತೆಗೆದು ಕೈಗಿತ್ತರು.

ಕೆಂಪು ಪೆಟ್ಟಿಗೆಯನ್ನು ನಾನು ಎಸೆಯಲಿಲ್ಲ. ಅದರ ಮೋಟರನ್ನು ಬಿಡಿಭಾಗಕ್ಕೆಂದು ಕಳಚಿದ್ದೇನೆ; ಉಳಿದ ಡಬ್ಬದಲ್ಲಿ ಈಗ ಗ್ರೀಸು, ಸ್ಕ್ರೂಡ್ರೈವರು ಮತ್ತು ಅಜ್ಜಿಯ ಆ ಸೂಜಿಡಬ್ಬಿ ಇವೆ.