ಬಾಡಿಗೆ ಮನೆ ಸಾಮಾನಿಗೆ ವಿಮೆ: ಮೂರನೇ ಸಲ ದುಡ್ಡು ಬಂತು

"ಬಾಡಿಗೆ ಮನೆಗೆ ಯಾತರ ವಿಮೆ?" ಅಂತ ಶಿಡ್ಲಘಟ್ಟದಲ್ಲಿ ನಕ್ಕವರೇ ಹೆಚ್ಚು. ಗೋಡೆ ಓನರ್‌ದು, ಬೀರು ಫ್ರಿಜ್ಜು ನಮ್ಮದಲ್ವಾ? 2021ರ ಏಪ್ರಿಲ್‌ನಲ್ಲಿ ಬಂದ ಭಾರತ್ ಗೃಹ ರಕ್ಷಾ ಅನ್ನೋ ಮನೆ ವಿಮೆ ಪಾಲಿಸಿಯಲ್ಲಿ ಕಟ್ಟಡ ಬಿಟ್ಟು ಸಾಮಾನಿಗಷ್ಟೇ ಮಾಡಿಸಬಹುದು. ಐದು ಲಕ್ಷಕ್ಕೆ, ಕಳ್ಳತನದ ಕವರ್ ಬೇರೆಯಾಗಿ ಸೇರಿಸಿ, ವರ್ಷಕ್ಕೆ ಸಾವಿರದ ಆಸುಪಾಸು ಬಿತ್ತು.

ಮೊದಲ ಕ್ಲೇಮು ಬಿದ್ದುಹೋಯ್ತು. ವೋಲ್ಟೇಜ್ ಏರಿ ವಾಷಿಂಗ್ ಮಷೀನ್ ಮೋಟಾರು ಸುಟ್ಟಿತ್ತು. ಶಾರ್ಟ್ ಆಗಿ ಬೆಂಕಿ ಹಬ್ಬಿ ಬೇರೆ ಸಾಮಾನು ಸುಟ್ಟರೆ ಅದಕ್ಕೆ ಕೊಡ್ತಾರೆ, ಶಾರ್ಟ್ ಆದ ಮಷೀನಿಗೆ ಕೊಡಲ್ಲ. ಎರಡನೇದು ತೆರೆದ ಬಾಗಿಲಿಂದ ಹೋದ ಮಿಕ್ಸಿ, ಸಿಲಿಂಡರ್. ಬೀಗ ಒಡೆದ ಗುರುತಿಲ್ಲದಿದ್ದರೆ ಎಫ್‌ಐಆರ್ ಇದ್ದರೂ ನಾನು ಸೇರಿಸಿದ್ದ ಕಳ್ಳತನದ ಕವರ್ ದಕ್ಕಲ್ಲ.

ಮೂರನೇದು ರಸ್ತೆ ನೀರು ಒಳಗೆ ನುಗ್ಗಿದ್ದು. ಅಷ್ಟೊತ್ತಿಗೆ ಪಟ್ಟಿ ಸಿದ್ಧವಿತ್ತು: ಸಾಮಾನು, ಕೊಂಡ ವರ್ಷ, ಬೆಲೆ, ಹಿಂದಿನ ಸ್ಟಿಕ್ಕರ್‌ನ ಸೀರಿಯಲ್ ನಂಬರಿನ ಫೋಟೊ. ಬಿಲ್ಲನ್ನು ಕೊಂಡ ದಿನವೇ ಫೋಟೊ ತೆಗೆಯಿರಿ. ಅಂಗಡಿಯ ಥರ್ಮಲ್ ಕಾಗದ ಒಂದೆರಡು ವರ್ಷಕ್ಕೆ ಬಿಳಿ ಹಾಳೆ ಆಗಿಬಿಡುತ್ತೆ. ನೀರು ಇಳಿದ ಮೇಲೆ ಗೋಡೆಯ ಕೆಸರಿನ ಗೆರೆಗೆ ಟೇಪ್ ಹಿಡಿದು ಫೋಟೊ ತೆಗೆದೆ, ಒಂದೂಕಾಲು ಅಡಿ. ಫ್ರಿಜ್ಜಿನ ಕಂಪ್ರೆಸರ್, ಬೀರುವಿನ ಕೆಳಖಾನೆ, ಹಾಸಿಗೆ, ಎಲ್ಲ ಆ ಗೆರೆಯ ಕೆಳಗೆ. ನಷ್ಟ ಅಳೆಯಲು ಬರುವ ಸರ್ವೇಯರ್ ತಕರಾರಿಗೆ ಜಾಗವೇ ಉಳಿಯಲಿಲ್ಲ. ಅವರು ಬರುವವರೆಗೆ ನೆಂದ ಹಾಸಿಗೆ ನಾತ ಹೊಡೆದರೂ ಎಸೆಯಬಾರದು.

ನಡುವೆ ಒಂದು ಪ್ರಯೋಗ: ಪಡಸಾಲೆಯಲ್ಲಿದ್ದ ರೇಷ್ಮೆ ಗೂಡಿನ ಚೀಲಗಳನ್ನೂ ಪಟ್ಟಿಗೆ ಸೇರಿಸಿ ನೋಡಿದೆ. ವ್ಯಾಪಾರದ ಮಾಲು ಅಂತ ಸರ್ವೇಯರ್ ಅದನ್ನು ಹೊಡೆದು ಹಾಕಿದರು. ಗೂಡಿನಿಂದ ನೂಲು ತೆಗೆಯುವ ರೀಲರುಗಳು ಅದಕ್ಕೆ ಬೇರೆ ಪಾಲಿಸಿ ಮಾಡಿಸಬೇಕು. ನಗದಂತೂ ಸೇರೋದೇ ಇಲ್ಲ. ಒಡವೆಗೆ ಪ್ರತ್ಯೇಕ ಕವರ್ ಬೇಕು. ಒಟ್ಟು 5 ಲಕ್ಷದೊಳಗೆ, ಒಂದೊಂದು ಒಡವೆ 1 ಲಕ್ಷ ಮೀರದಿದ್ದರೆ ಮೌಲ್ಯಮಾಪನದ ಸರ್ಟಿಫಿಕೇಟ್ ಕೇಳಲ್ಲ.

ಕೇಳಿದ್ದು ತೊಂಬತ್ತು ಸಾವಿರದ ಹತ್ತಿರ. ಮೊದಲು ಬಂದ ಲೆಕ್ಕದಲ್ಲಿ ಹಳೇದು ಅಂತ ಸವಕಳಿ ಹಿಡಿದು ಐವತ್ತಕ್ಕೆ ಇಳಿಸಿದ್ದರು. ಈ ಪಾಲಿಸಿಯಲ್ಲಿ ಸಾಮಾನಿಗೆ ಹೊಸದು ಕೊಳ್ಳುವ ಬೆಲೆ ಅಂತಲೇ ಇದೆ. ಆ ಷರತ್ತಿನ ನಂಬರ್ ಬರೆದು ದೂರು ವಿಭಾಗಕ್ಕೆ ಮೇಲ್ ಹಾಕಿದೆ, ಉತ್ತರ ಬರದೆ ಮೂವತ್ತು ದಿನ ಆದರೆ ವಿಮೆ ದೂರು ಕೇಳುವ ಬೆಂಗಳೂರಿನ ಓಂಬುಡ್ಸ್‌ಮನ್ ಕಚೇರಿಗೆ ಹೋಗ್ತೀನಿ ಅಂತಲೂ ಸೇರಿಸಿದೆ. ಮೂರು ವಾರದೊಳಗೆ, ಗುಜರಿ ಬೆಲೆಯಷ್ಟೇ ಕಳೆದು, ಎಂಬತ್ತರ ಚಿಲ್ಲರೆ ಖಾತೆಗೆ ಬಿತ್ತು.