ಆನ್‌ಲೈನ್ ಸೆಂಟರಿನ ಕಂಪ್ಯೂಟರಿನಲ್ಲಿ ಟೆಲಿಮೆಟ್ರಿ: ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬಿಡಬಹುದು

ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಯಾವುದೇ ಆನ್‌ಲೈನ್ ಸೆಂಟರಿನಲ್ಲಿ ಒಂದೇ ಕಂಪ್ಯೂಟರಿನ ಮೇಲೆ ದಿನವಿಡೀ ಹಲವರ ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ, 371(ಜೆ) ಅರ್ಹತಾ ಪತ್ರಗಳು ತೆರೆದುಕೊಳ್ಳುತ್ತವೆ. ಅಲ್ಲಿ ಉಬುಂಟು ಕಾರ್ಯಾಚರಣಾ ವ್ಯವಸ್ಥೆ, ಫೈರ್‌ಫಾಕ್ಸ್ ಬ್ರೌಸರ್, ಲಿಬ್ರೆಆಫೀಸ್ ಕಚೇರಿ ತಂತ್ರಾಂಶ ಬಳಸುವವರು ಕೋಡ್ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶವೆಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗಿರುವಂತಿಲ್ಲ. ಇವೂ ಬಳಕೆಯ ಮತ್ತು ದೋಷದ ವಿವರಗಳನ್ನು ತಯಾರಕರಿಗೆ ಕಳುಹಿಸಬಲ್ಲವು, ಇದನ್ನೇ ಟೆಲಿಮೆಟ್ರಿ ಎನ್ನುವುದು. ಟಿಕ್ ಹಾಕಿ ಒಪ್ಪಿಗೆ ಕೊಡುವವರು ಅಂಗಡಿಯವರು, ಕಾಗದಪತ್ರಗಳು ಮಾತ್ರ ಗ್ರಾಹಕರವು.

ಹೊರಗೆ ಹೋಗುವ ಮಾಹಿತಿಯಲ್ಲಿ ಎರಡು ಬಗೆಯಿದೆ. ಬಳಕೆಯ ಮಾಹಿತಿಯಲ್ಲಿ ಸಾಮಾನ್ಯವಾಗಿ ತಂತ್ರಾಂಶದ ಆವೃತ್ತಿ, ಪರದೆಯ ಅಳತೆ, ಮೆಮೊರಿಯ ಪ್ರಮಾಣದಂಥ ವಿವರಗಳಿರುತ್ತವೆ. ಕ್ರ್ಯಾಶ್ ವರದಿಯಲ್ಲಿ, ತಂತ್ರಾಂಶ ನಿಂತುಹೋದ ಗಳಿಗೆಯಲ್ಲಿ ಮೆಮೊರಿಯಲ್ಲಿದ್ದ ತುಣುಕುಗಳೂ ಸೇರಬಹುದು, ಅಂದರೆ ತೆರೆದಿದ್ದ ಅರ್ಜಿಯ ಅಕ್ಷರಗಳೂ ಸೇರಬಹುದು. ಜನ ಹೆಚ್ಚು ಜಗಳವಾಡುವುದು ಮೊದಲನೆಯದರ ಬಗ್ಗೆ. ಅಂಗಡಿಯಲ್ಲಿ ಮೊದಲು ನಿಲ್ಲಿಸಬೇಕಾದದ್ದು ಎರಡನೆಯದನ್ನು.

ಫೈರ್‌ಫಾಕ್ಸ್ ಕ್ರ್ಯಾಶ್ ಆದಾಗ ಬರುವ ಪುಟ್ಟ ಕಿಟಕಿಯಲ್ಲಿ, ಅದರ ತಯಾರಕರಾದ ಮೊಜಿಲ್ಲಾಗೆ ತಿಳಿಸುವ ಒಂದು ಟಿಕ್ ಮತ್ತು ಆಗ ತೆರೆದಿದ್ದ ಪುಟದ ವಿಳಾಸವನ್ನು ಸೇರಿಸುವ ಇನ್ನೊಂದು ಟಿಕ್ ಇರುತ್ತವೆ. ಸಾಲು ನಿಂತಿರುವಾಗ ಕೆಲಸದ ಹುಡುಗರು ಇದನ್ನು ಓದದೆ ಒತ್ತಿಬಿಡುತ್ತಾರೆ. ಎರಡನ್ನೂ ತೆಗೆಯುವುದನ್ನು ಅವರಿಗೆ ತೋರಿಸಿಯೇ ಕಲಿಸಬೇಕು. ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗಕ್ಕೆ ಹೋಗಿ ದೋಷವರದಿಯನ್ನು ‘ನೆವರ್’ ಎಂದು ಇಡಿ. ಲಿಬ್ರೆಆಫೀಸ್‌ನಲ್ಲಿ ಟೂಲ್ಸ್, ಆಪ್ಷನ್ಸ್, ಜನರಲ್ ಎಂಬ ದಾರಿಯಲ್ಲಿ ಹೋದರೆ ಬಳಕೆಯ ಮಾಹಿತಿ ಮತ್ತು ಕ್ರ್ಯಾಶ್ ವರದಿಯ ಟಿಕ್‌ಗಳು ಸಿಗುತ್ತವೆ, ಇದ್ದರೆ ತೆಗೆಯಿರಿ.

ಇನ್ನು ಬಳಕೆಯ ಮಾಹಿತಿ. ಫೈರ್‌ಫಾಕ್ಸ್ ಇದನ್ನು ನಾವು ನಿಲ್ಲಿಸುವವರೆಗೂ ಕಳುಹಿಸುತ್ತದೆ. ನಿಲ್ಲಿಸುವ ಮುನ್ನ ವಿಳಾಸಪಟ್ಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಬೌಟ್:ಟೆಲಿಮೆಟ್ರಿ’ ಎಂದು ಟೈಪ್ ಮಾಡಿ, ಸಂಗ್ರಹವಾಗಿರುವುದನ್ನು ಕಣ್ಣಾರೆ ನೋಡಿಕೊಳ್ಳಿ. ಇಷ್ಟು ತೆರೆದು ತೋರಿಸುವುದು ಮೆಚ್ಚತಕ್ಕ ಗುಣವೇ. ಒಂದೆರಡು ಕಂಪ್ಯೂಟರಿದ್ದರೆ ಸೆಟ್ಟಿಂಗ್ಸ್‌ನಲ್ಲೇ ಟಿಕ್ ತೆಗೆದರೆ ಸಾಕು. ಹೆಚ್ಚಿದ್ದರೆ ಫೈರ್‌ಫಾಕ್ಸ್‌ಗೆ ನಿಯಮಗಳನ್ನು ಬರೆದಿಡುವ ಪಾಲಿಸಿ ಕಡತದಲ್ಲಿ ‘ಡಿಸೇಬಲ್‌ಟೆಲಿಮೆಟ್ರಿ’ ನಿಯಮವನ್ನು ಬರೆದು ಎಲ್ಲದಕ್ಕೂ ನಕಲು ಮಾಡುವುದು ಒಳಿತು, ಏಕೆಂದರೆ ಆಮೇಲೆ ಯಾರೂ ಅದನ್ನು ಸೆಟ್ಟಿಂಗ್ಸ್‌ನಲ್ಲಿ ಮತ್ತೆ ಆನ್ ಮಾಡಲಾರರು.

ಎಲ್ಲವನ್ನೂ ಮುಚ್ಚಲೇಬೇಕೆಂದು ನಾನು ಹೇಳುವುದಿಲ್ಲ. ಉಬುಂಟುವಿನಂತೆಯೇ ಇನ್ನೊಂದು ಮುಕ್ತ ಕಾರ್ಯಾಚರಣಾ ವ್ಯವಸ್ಥೆಯಾದ ಡೆಬಿಯನ್‌ನ ಪಾಪ್ಯುಲಾರಿಟಿ ಕಾಂಟೆಸ್ಟ್, ಯಾವ ಪ್ಯಾಕೇಜುಗಳು (ತಂತ್ರಾಂಶದ ಕಟ್ಟುಗಳು) ಇವೆ, ಯಾವುವು ಬಳಕೆಯಲ್ಲಿವೆ ಎಂಬುದನ್ನು ತಿಳಿಸುತ್ತದೆ, ಅದೂ ನಾವು ಒಪ್ಪಿದರೆ ಮಾತ್ರ. ಪ್ಲಾಸ್ಮಾ ಎಂಬ ಡೆಸ್ಕ್‌ಟಾಪ್ ತಯಾರಿಸುವ ಕೆಡಿಇ ಬಳಗ 2020ರ ಅದರ 5.18ನೇ ಆವೃತ್ತಿಯಲ್ಲಿ ತಂದ ಬಳಕೆದಾರರ ಪ್ರತಿಕ್ರಿಯೆಯ ಸೌಲಭ್ಯವೂ ತಾನಾಗಿ ಆನ್ ಆಗುವುದಿಲ್ಲ. ಇಂಥವನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ಒಪ್ಪಿದರೆ ತಯಾರಕರಿಗೂ ಉಪಕಾರ.

ಲಿಬ್ರೆಆಫೀಸ್‌ನ ಆಯ್ಕೆಗಳು ಪ್ರತಿ ಬಳಕೆದಾರರ ಖಾತೆಗೂ ಬೇರೆಬೇರೆಯಾಗಿ ಉಳಿಯುವುದರಿಂದ, ಹೊಸ ಹುಡುಗನಿಗೆ ಹೊಸ ಲಾಗಿನ್ ಮಾಡಿಕೊಟ್ಟ ದಿನವೇ ಅವನ ಖಾತೆಯಲ್ಲಿಯೂ ಆ ಟಿಕ್‌ಗಳನ್ನು ಪರಿಶೀಲಿಸಿ. ಫೈರ್‌ಫಾಕ್ಸ್‌ನ ನಿಯಮ ಜಾರಿಯಲ್ಲಿದೆಯೇ ಎಂಬುದು ‘ಅಬೌಟ್:ಪಾಲಿಸೀಸ್’ ಪುಟದಲ್ಲಿ ಕಾಣುತ್ತದೆ.