ಐದು ಪುಟದಿಂದ ಒಂದೂವರೆ ಪುಟಕ್ಕೆ: ಸ್ವತಂತ್ರ ನಿರ್ದೇಶಕಿ ಸ್ಥಾನದ ಸಿ.ವಿ. ಬರೆದ ನನ್ನ ಅನುಭವ

ಸಾರ್ವಜನಿಕ ವಲಯದ ಬ್ಯಾಂಕೊಂದರಲ್ಲಿ ಮೂವತ್ತಾರು ವರ್ಷ ದುಡಿದು, ಉಪ ಪ್ರಧಾನ ವ್ಯವಸ್ಥಾಪಕಿಯಾಗಿ 2021ರಲ್ಲಿ ನಿವೃತ್ತಳಾದಾಗ, ಸ್ವತಂತ್ರ ನಿರ್ದೇಶಕಿ, ಅಂದರೆ ಕಂಪನಿಯ ಜೊತೆ ಹಿತಾಸಕ್ತಿಯ ನಂಟಿಲ್ಲದೆ ಅದರ ಆಡಳಿತ ಮಂಡಳಿಯಲ್ಲಿ ಕುಳಿತು ಮೇಲ್ವಿಚಾರಣೆ ಮಾಡುವವಳು, ಆಗಬೇಕೆಂಬ ನನ್ನ ಆಸೆಯನ್ನು ಕೇಳಿ ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ನಕ್ಕರು. ಕಂಪನಿ ಕಟ್ಟಿದ ಪ್ರವರ್ತಕರ ಮನೆಯವರಿಗೆ ಪರಿಚಯ ಇದ್ದವರಿಗೆ, ಇಲ್ಲವೇ ದೆಹಲಿಯಲ್ಲಿ ದೊಡ್ಡ ಹುದ್ದೆ ನೋಡಿ ಬಂದವರಿಗೆ ಮಾತ್ರ ಆ ಕುರ್ಚಿ, ಸಿ.ವಿ. ಏನಿದ್ದರೂ ಕಡತಕ್ಕೆ ಸೇರಿಸಲು ಕೇಳುವ ಕಾಗದ ಎಂಬುದು ಅವರ ವಾದವಾಗಿತ್ತು. ‘ಮಹಿಳೆಯೊಬ್ಬರು ಬೇಕೇ ಬೇಕೆಂದು ಕಾನೂನೇ ಇದೆಯಲ್ಲ ಮೇಡಂ, ನಿಮಗೆ ಸುಲಭ’ ಎಂದವರೂ ಇದ್ದರು. ಮೂರು ವರ್ಷ ಯಾವುದೂ ಸುಲಭವಾಗಲಿಲ್ಲ. 2024ರ ಮಧ್ಯದಲ್ಲಿ, ಯಾರ ಶಿಫಾರಸೂ ಇಲ್ಲದೆ, ಬರೀ ಒಂದೂವರೆ ಪುಟದ ಕಾಗದದ ಬಲದಿಂದ, ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಲಿಸ್ಟೆಡ್ (ಷೇರುಪೇಟೆಯಲ್ಲಿ ನೋಂದಾಯಿತ) ಕಂಪನಿಯೊಂದರ ಮಂಡಳಿಗೆ ಸೇರಿದೆ. ನಕ್ಕವರಲ್ಲಿ ಮೂವರು ಈಗ ಆ ಕಾಗದದ ಪ್ರತಿ ಕೇಳುತ್ತಿದ್ದಾರೆ.

ಮೊದಲು ಖರ್ಚಿನ ಲೆಕ್ಕ. ಸ್ವತಂತ್ರ ನಿರ್ದೇಶಕರಾಗಬಯಸುವವರು ಹೆಸರು ಸೇರಿಸಬೇಕಾದ, ಮಾನೇಸರದ ಭಾರತೀಯ ಕಾರ್ಪೊರೇಟ್ ವ್ಯವಹಾರಗಳ ಸಂಸ್ಥೆ (ಐಐಸಿಎ) ನಡೆಸುವ ಡೇಟಾಬ್ಯಾಂಕಿನಲ್ಲಿ ಐದು ವರ್ಷದ ನೋಂದಣಿಗೆ 15,000 ರೂಪಾಯಿ, ಜಿಎಸ್‌ಟಿ ಸೇರಿ 17,700 ಆಯಿತು. ನೋಂದಾಯಿಸಿಕೊಂಡವರು ಬರೆಯಬೇಕಾದ ಅರ್ಹತಾ ಪರೀಕ್ಷೆಯಿಂದ ವಿನಾಯಿತಿ ಸಿಗುವ ವರ್ಗಕ್ಕೆ ನಾನು ಸೇರುತ್ತಿರಲಿಲ್ಲವಾದ್ದರಿಂದ ಕುಳಿತು ಬರೆದೆ. ಶೇಕಡಾ 50 ಸಾಕಿತ್ತು, ನನಗೆ 68ರ ಆಸುಪಾಸು ಬಂತು. ಎರಡು ದಿನದ ತರಬೇತಿಯೊಂದಕ್ಕೆ ಇಪ್ಪತ್ತು ಸಾವಿರದಷ್ಟು ಹೋಯಿತು, ಅದರಿಂದ ದೊರೆತದ್ದು ಒಂದು ಪ್ರಮಾಣಪತ್ರ ಮತ್ತು ಒಳ್ಳೆಯ ಊಟ. ಎಲ್ಲಕ್ಕಿಂತ ನೋವಾದದ್ದು, ಸಿ.ವಿ. ಬರೆದುಕೊಡುವ ಏಜೆನ್ಸಿಯೊಂದಕ್ಕೆ ಕೊಟ್ಟ 35,000.

ನನ್ನ ಮೊದಲ ಸಿ.ವಿ. ಬ್ಯಾಂಕಿನ ಬಡ್ತಿ ಸಂದರ್ಶನಕ್ಕೆ ಬರೆಯುವ ಬಯೋಡೇಟಾದ ತಮ್ಮನಂತಿತ್ತು. ಐದು ಪುಟ, ಹದಿನಾಲ್ಕು ವರ್ಗಾವಣೆ, ಪ್ರತಿ ಊರಿನಲ್ಲೂ ಠೇವಣಿ ಎಷ್ಟು ಏರಿತೆಂಬ ಲೆಕ್ಕ. ಅರವತ್ತು ಕಡೆಗಾದರೂ ಕಳುಹಿಸಿರಬೇಕು, ಎರಡು ಉತ್ತರ ಬಂದವು, ಅವುಗಳಲ್ಲಿ ಒಂದು ‘ಸ್ಥಾನ ಕೊಡಿಸಲು’ ಮುಂಗಡ ಕೇಳಿದ ಮಧ್ಯವರ್ತಿಯದು. ಆಮೇಲೆ ಏಜೆನ್ಸಿಯವರು ಅದನ್ನು ‘ದೂರದೃಷ್ಟಿಯ ನಾಯಕಿ’ ಎಂದು ಆರಂಭಿಸಿ, ನನ್ನ ಕೌಶಲಗಳನ್ನು ಬಣ್ಣಬಣ್ಣದ ವೃತ್ತಗಳಲ್ಲಿ ಹಂಚಿ, ಮೂರು ಪುಟಕ್ಕೆ ಇಳಿಸಿಕೊಟ್ಟರು. ಅದಕ್ಕೆ ಬಂದ ಉತ್ತರ ಸೊನ್ನೆ. ಅದನ್ನು ನೋಡಿದ ಪರಿಚಯದ ಕಂಪನಿ ಸೆಕ್ರೆಟರಿಯೊಬ್ಬರು (ಕಂಪನಿಯ ಕಾನೂನು ಕಾಗದಪತ್ರ ನೋಡಿಕೊಳ್ಳುವ ಅಧಿಕಾರಿ), ‘ಮೇಡಂ, ಇದನ್ನು ನಾನು ನೋಟಿಸಿನಲ್ಲಿ ಹಾಕುವುದು ಹೇಗೆ?’ ಎಂದಷ್ಟೇ ಕೇಳಿದರು.

ಆ ಪ್ರಶ್ನೆಯೇ ನನಗೆ ದಾರಿ ತೋರಿತು. ನೇಮಕಕ್ಕೆ ವಿಶೇಷ ನಿರ್ಣಯ, ಅಂದರೆ ಷೇರುದಾರರ ಮತಗಳಲ್ಲಿ ಮುಕ್ಕಾಲು ಪಾಲಿನ ಒಪ್ಪಿಗೆ, ಬೇಕಾದಾಗ ಷೇರುದಾರರಿಗೆ ಹೋಗುವ ನೋಟಿಸಿನ ವಿವರಣಾ ಹೇಳಿಕೆಯಲ್ಲಿ, ಈ ವ್ಯಕ್ತಿಯೇ ಏಕೆ ಎಂಬುದನ್ನು ಒಂದು ಪ್ಯಾರಾದಲ್ಲಿ ಸಮರ್ಥಿಸಬೇಕಾಗುತ್ತದೆ. ಆ ಪ್ಯಾರಾವನ್ನು ಯಾರಾದರೂ ಬರೆಯಲೇಬೇಕು ಎಂದಮೇಲೆ ನಾನೇ ಏಕೆ ಬರೆದುಕೊಡಬಾರದು ಎನಿಸಿತು. ಷೇರು ವಿನಿಮಯ ಕೇಂದ್ರದ ತಾಣದಿಂದ ಸುಮಾರು ನಲವತ್ತು ನೋಟಿಸುಗಳನ್ನು ಇಳಿಸಿಕೊಂಡು, ನಿರ್ದೇಶಕರ ಪರಿಚಯಗಳನ್ನು ಮಾತ್ರ ಕತ್ತರಿಸಿ ಒಂದು ಕಡೆ ಅಂಟಿಸಿ ಓದಿದೆ. ಹೆಚ್ಚಿನವು ಹತ್ತು ಹನ್ನೆರಡು ಸಾಲಿನವು, ವಿಶೇಷಣ ಕಡಿಮೆ, ಇಂಥ ಸಮಿತಿಗೆ ಇಂಥ ಅನುಭವ ಎಂಬ ನೇರ ಹೊಂದಾಣಿಕೆ.

ಎರಡನೆಯ ಆಧಾರ ವಾರ್ಷಿಕ ವರದಿಯ ಕೌಶಲ ಕೋಷ್ಟಕ. ಮಂಡಳಿಗೆ ಯಾವ ಯಾವ ಪರಿಣತಿ ಬೇಕು, ಅದು ಯಾವ ನಿರ್ದೇಶಕರಲ್ಲಿದೆ ಎಂಬುದನ್ನು ಲಿಸ್ಟೆಡ್ ಕಂಪನಿಗಳು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ ಹೆಸರು ಸಮೇತ ಅಚ್ಚು ಹಾಕುತ್ತವೆ. ಪ್ರತಿ ನಿರ್ದೇಶಕರ ನೇಮಕದ ದಿನಾಂಕವನ್ನು ಆ ಕೋಷ್ಟಕದ ಪಕ್ಕದಲ್ಲಿಟ್ಟು ನೋಡಿದರೆ ಯಾರು ಯಾವಾಗ ಏಳುತ್ತಾರೆ ಎಂಬುದು ಬೆರಳೆಣಿಕೆಯ ಲೆಕ್ಕ. 2013ರ ಕಂಪನಿ ಕಾಯ್ದೆಯಡಿ ಐದೈದು ವರ್ಷದ ಎರಡು ಅವಧಿ ಮುಗಿಸಿದವರು ಮೂರು ವರ್ಷ ದೂರ ನಿಲ್ಲಲೇಬೇಕು, 2014ರಲ್ಲಿ ಕುಳಿತವರೆಲ್ಲ 2024ರಲ್ಲಿ ಏಳಲೇಬೇಕಿತ್ತು. ಏಳುವವರ ಸಾಲಿನಲ್ಲಿ ‘ಹಣಕಾಸು’, ‘ಅಪಾಯ ನಿರ್ವಹಣೆ’ ಎಂಬ ಗುರುತಿದ್ದು, ಉಳಿದವರ ಸಾಲಿನಲ್ಲಿ ಅದು ಖಾಲಿಯಿದ್ದ ಮೂವತ್ತೈದು ಕಂಪನಿಗಳನ್ನು ಆರಿಸಿಕೊಂಡೆ. ಒಂದೇ ಸಿ.ವಿ.ಯನ್ನು ಮೂವತ್ತೈದು ಕಡೆ ಕಳುಹಿಸಲಿಲ್ಲ. ಮೊದಲ ಪ್ಯಾರಾ ಪ್ರತಿ ಕಂಪನಿಗೂ ಬೇರೆ, ಅದಕ್ಕೇ ನಾಲ್ಕು ತಿಂಗಳು ಹಿಡಿಯಿತು.

ಬರವಣಿಗೆಯಲ್ಲಿ ಆದ ಬದಲಾವಣೆಗೆ ಒಂದು ಸಾಲನ್ನು ತೋರಿಸಿದರೆ ಸಾಕು. ಹಳೆಯದರಲ್ಲಿ ‘ವಲಯ ಮಟ್ಟದಲ್ಲಿ ಸಾಲ ಮಂಜೂರಾತಿ, ವಸೂಲಾತಿ ಹಾಗೂ ಸಿಬ್ಬಂದಿ ಆಡಳಿತದ ಸಂಪೂರ್ಣ ಜವಾಬ್ದಾರಿ ನಿರ್ವಹಿಸಿದ್ದೇನೆ’ ಎಂದಿತ್ತು. ಹೊಸದರಲ್ಲಿ ಅದು ‘ಸಾಲ ಸಮಿತಿಯ ಸದಸ್ಯೆಯಾಗಿ ಐದು ವರ್ಷಗಳಲ್ಲಿ ಸುಮಾರು 300 ಪ್ರಸ್ತಾವಗಳ ಪರಿಶೀಲನೆ, ಸುಮಾರು 40ಕ್ಕೆ ಲಿಖಿತ ಭಿನ್ನಾಭಿಪ್ರಾಯ, ಮುಖ್ಯವಾಗಿ ಸಂಬಂಧಿತ ಪಕ್ಷಗಳ ವಹಿವಾಟು ಮತ್ತು ದಾಸ್ತಾನಿನ ಮೌಲ್ಯದ ಕಾರಣಕ್ಕೆ’ ಎಂದಾಯಿತು. ಸಾಲಗಾರರ ಹೆಸರು ಎಲ್ಲೂ ಇಲ್ಲ, ಗೋಪ್ಯತೆ ನಿವೃತ್ತಿಯೊಂದಿಗೆ ಮುಗಿಯುವುದಿಲ್ಲ. ಲೆಕ್ಕಪತ್ರಗಳ ಮೇಲೆ ಕಣ್ಣಿಡುವ ಮಂಡಳಿಯ ಆಡಿಟ್ ಕಮಿಟಿಯಲ್ಲಿ ಕುಳಿತವರು ಸಂಸ್ಥೆಯನ್ನು ಓಡಿಸುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಆದ್ದರಿಂದ ನಾನು ಯಾವುದನ್ನು ಓಡಿಸಿದೆ ಎನ್ನುವುದನ್ನು ಎರಡು ಸಾಲಿಗೆ ಇಳಿಸಿ, ಯಾವುದನ್ನು ತಡೆದೆ ಎನ್ನುವುದಕ್ಕೆ ಅರ್ಧ ಪುಟ ಕೊಟ್ಟೆ. ಬ್ಯಾಂಕಿನ ಮಂಡಳಿಯ ಆಡಿಟ್ ಕಮಿಟಿಗೆ ನಾನು ಹತ್ತಾರು ಬಾರಿ ವಿವರಣೆ ಕೊಟ್ಟಿದ್ದೆ. ಅದನ್ನು ‘ಆಡಿಟ್ ಕಮಿಟಿಯ ಅನುಭವ’ ಎಂದು ಬರೆಯಲು ಕೈ ಹೋಗಿತ್ತು, ಬರೆಯಲಿಲ್ಲ. ಕಮಿಟಿಯ ಎದುರು ಕುಳಿತವಳು ನಾನು, ಒಳಗೆ ಕುಳಿತವಳಲ್ಲ, ಹಾಗೆಂದೇ ಬರೆದೆ. ಸಂದರ್ಶನದಲ್ಲಿ ಆ ಸಾಲನ್ನು ಎತ್ತಿ ಮೆಚ್ಚಿದರು.

ಹುಟ್ಟಿದ ವರ್ಷವನ್ನು ಮುಚ್ಚಿಡಲು ಏಜೆನ್ಸಿಯವರು ಹೇಳಿದ್ದರು. ನಾನು ಅದನ್ನು ಮೇಲೆಯೇ ಬರೆದೆ. 75 ದಾಟಿದವರನ್ನು ಇರಿಸಿಕೊಳ್ಳಲು ಲಿಸ್ಟೆಡ್ ಕಂಪನಿಗೆ ವಿಶೇಷ ನಿರ್ಣಯ ಬೇಕು. ಆಗ ನನಗೆ 63, ಎರಡು ಅವಧಿ ಮುಗಿದರೂ 73. ಆ ಲೆಕ್ಕವನ್ನು ಅವರೇ ಮಾಡಿಕೊಳ್ಳಲಿ ಎಂದು ಬಿಟ್ಟೆ.

ಒಂದು ಮುಖಭಂಗವನ್ನೂ ಹೇಳಬೇಕು. ಮೊದಲು ಕರೆ ಬಂದ ಕಂಪನಿಯೊಂದರ ಸಂದರ್ಶನದಲ್ಲಿ ಹತ್ತು ನಿಮಿಷ ಕಳೆದ ಮೇಲೆ, ಅವರ ಹಳೆಯ ಸಾಲದ ನವೀಕರಣಕ್ಕೆ ನನ್ನದೇ ಸಹಿ ಇದ್ದದ್ದು ನೆನಪಾಯಿತು. ಕಾನೂನು ಅಡ್ಡ ಬರುತ್ತಿತ್ತೋ ಇಲ್ಲವೋ ಎನ್ನುವ ಮಾತಿಗೂ ಹೋಗದೆ ಅಲ್ಲೇ ಹೇಳಿ ಎದ್ದು ಬಂದೆ. ಅಂದಿನಿಂದ, ಯಾರು ‘ಸ್ವತಂತ್ರ’ ಎಂದು ಹೇಳುವ ಕಂಪನಿ ಕಾಯ್ದೆಯ ಸೆಕ್ಷನ್ 149(6)ರ ಪ್ರತಿ ಅಂಶಕ್ಕೂ ನನ್ನ ಸ್ಥಿತಿ ಏನು, ಗಂಡನ ಮತ್ತು ಮಗನ ಷೇರುಗಳು ಎಲ್ಲಿವೆ ಎಂಬುದನ್ನು ಕಳುಹಿಸುವ ಮೊದಲೇ ತಾಳೆ ನೋಡಿ, ಸಿ.ವಿ.ಯ ಕೊನೆಗೆ ಎರಡು ಸಾಲಿನಲ್ಲಿ ಹೇಳುತ್ತೇನೆ. ಕಂಪನಿ ಸೆಕ್ರೆಟರಿಗೆ ಅದು ಅರ್ಧ ದಿನದ ಕೆಲಸ ಉಳಿಸುತ್ತದೆ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಎರಡು ನಿಮಿಷದ ವಿಡಿಯೊ ಪರಿಚಯ ಮಾಡಿಸಿದ್ದು ಪೂರ್ತಿ ವ್ಯರ್ಥ, ಮೊಮ್ಮಗಳು ಮಾತ್ರ ನೋಡಿದಳು. ಫೋಟೊ ಇರುವ ಮತ್ತು ಇಲ್ಲದ ಪ್ರತಿಗಳಿಗೆ ಉತ್ತರದಲ್ಲಿ ವ್ಯತ್ಯಾಸ ಕಾಣಲಿಲ್ಲ. ಉತ್ತರ ಕರ್ನಾಟಕದ ಕುಟುಂಬದ ಹಿಡಿತದಲ್ಲಿರುವ, ಲಿಸ್ಟ್ ಆಗದ ಪಬ್ಲಿಕ್ ಕಂಪನಿಯೊಂದರ ಹಿರಿಯ ಅಧ್ಯಕ್ಷರಿಗೆ ಸಿ.ವಿ.ಯ ಜೊತೆ ಕೈಯಲ್ಲಿ ಬರೆದ ಒಂದು ಪುಟದ ಕನ್ನಡ ಪತ್ರ ಇಟ್ಟಿದ್ದೆ. ಮೂರನೆಯ ದಿನ ಅವರೇ ಫೋನ್ ಮಾಡಿ, ‘ಬಾಯಾರ, ಇಂಥಾ ಪತ್ರ ಓದಿ ಭಾಳ ವರ್ಷ ಆತ್ರಿ’ ಎಂದರು. ಸ್ಥಾನ ಸಿಗಲಿಲ್ಲ, ಅವರ ಅಳಿಯನ ಸ್ನೇಹಿತರಿಗೆ ಹೋಯಿತು. ಸಹೋದ್ಯೋಗಿಗಳ ವಾದದಲ್ಲಿ ಅಷ್ಟರ ಮಟ್ಟಿಗೆ ಸತ್ಯವಿತ್ತೆಂದು ಒಪ್ಪುತ್ತೇನೆ.

ಮೂವತ್ತೈದರಲ್ಲಿ ಉತ್ತರ ಬಂದದ್ದು ಏಳೋ ಎಂಟೋ, ಸಂದರ್ಶನ ಮೂರು, ನೇಮಕ ಒಂದು. ಪ್ರತಿಯನ್ನು ಎಚ್.ಆರ್. ವಿಭಾಗಕ್ಕೆ ಕಳುಹಿಸದೆ ನಿರ್ದೇಶಕರನ್ನು ಆರಿಸಿ ಶಿಫಾರಸು ಮಾಡುವ ನಾಮನಿರ್ದೇಶನ ಸಮಿತಿಯ ಅಧ್ಯಕ್ಷರ ಹೆಸರಿಗೆ, ಕಂಪನಿ ಸೆಕ್ರೆಟರಿಯ ಮೂಲಕ ಕಳುಹಿಸುತ್ತಿದ್ದೆ. ಕಳುಹಿಸುವ ವಾರವನ್ನು ಹೇಗೆ ಆರಿಸುತ್ತಿದ್ದೆ ಎಂಬುದನ್ನೂ, ಜೊತೆಗಿಡುತ್ತಿದ್ದ ಪತ್ರದ ಕೊನೆಯ ಸಾಲನ್ನೂ ಇಲ್ಲಿ ಬರೆಯುವುದಿಲ್ಲ, ಇನ್ನೊಂದು ಮಂಡಳಿಗೆ ನನಗೆ ಅವು ಬೇಕಾಗಿವೆ. ಸಭೆಗೆ ಹಾಜರಾದ ನಿರ್ದೇಶಕರಿಗೆ ಕೊಡುವ ಸಿಟಿಂಗ್ ಫೀಗೆ ಕಾನೂನಿನ ಮಿತಿ ಸಭೆಗೆ 1 ಲಕ್ಷವಾದರೂ ನಮ್ಮಲ್ಲಿ ಮಂಡಳಿ ಸಭೆಗೆ 40,000, ಸಮಿತಿಗೆ 25,000. ಮೊದಲ ವರ್ಷ ಟಿಡಿಎಸ್‌ಗೆ ಮುಂಚೆ ಮೂರು ಲಕ್ಷದಷ್ಟು ಬಂತು, ಏಜೆನ್ಸಿಗೆ ಸುರಿದದ್ದು ಸೇರಿ ಎಲ್ಲ ಖರ್ಚೂ ಹಿಂದಿರುಗಿತು.

ನನ್ನ ನೇಮಕಕ್ಕೆ ಷೇರುದಾರರ ಒಪ್ಪಿಗೆ ಕೇಳುವ ಅಂಚೆ ಮತದಾನದ ನೋಟಿಸು ಬಂದ ದಿನ ಮೊದಲು ತೆರೆದದ್ದು ನನ್ನ ಪರಿಚಯದ ಪ್ಯಾರಾವನ್ನೇ. ಹನ್ನೊಂದು ಸಾಲಿನಲ್ಲಿ ಒಂಬತ್ತು ನಾನು ಬರೆದುಕೊಟ್ಟವು, ಅಲ್ಪವಿರಾಮ ಕೂಡ ಕದಲಿರಲಿಲ್ಲ. ಉಳಿದ ಎರಡರಲ್ಲಿ ಒಂದನ್ನು ಸೆಕ್ರೆಟರಿ ಸೇರಿಸಿದ್ದರು, ಅದರಲ್ಲಿ ನನ್ನನ್ನು ‘ದೂರದೃಷ್ಟಿಯುಳ್ಳವರು’ ಎಂದು ಬಣ್ಣಿಸಲಾಗಿತ್ತು.